ವಾಹನ ಸಂಖ್ಯೆ: ಇಲ್ಲ

ಹಗಲೆಲ್ಲ ಲಾರಿ ತೂಗುತ್ತೇನೆ,
ಸಿದ್ದಾಪುರ ದಾಟಿ ನೆಲ್ಯಹುದಿಕೇರಿಗೆ ಹೋಗುವ ದಾರಿಯಲ್ಲಿ
ವೇ ಬ್ರಿಡ್ಜಿನ ತಗಡುಗೂಡಿನೊಳಗೆ ಕೂತು.
ತುಂಬಿದ್ದು ಇಷ್ಟು, ಖಾಲಿ ಇಷ್ಟು,
ಕಳೆದರೆ ಉಳಿದದ್ದು ಕಾಫಿ.
ಸಂಜೆ ಶಟರ್ ಅರ್ಧ ಎಳೆದು
ಅದೇ ಕಂಪ್ಯೂಟರಿನಲ್ಲಿ ಆಟ ಕಟ್ಟುತ್ತಿದ್ದೆ. ಮೂರು ವರ್ಷ.
ಬೂಸ್ಟು ಹಿಡಿದು ಸತ್ತ ಹಾರ್ಡ್ ಡಿಸ್ಕ್ ಎರಡು.
ಉಮ್ಮರಾಕ ಕರೆಂಟ್ ಬಿಲ್ ನೋಡಿ ಒಮ್ಮೆ ಕೆಮ್ಮಿದರು, ಅಷ್ಟೆ.

ಶುರುವಾದದ್ದು ಮರೆವಿನಿಂದ.
ಸಿಸ್ಟಂ ಆರಿಸದೆ ಮನೆಗೆ ಹೋದ ರಾತ್ರಿಯ ಮರುದಿನ
ದಾಖಲೆಯಲ್ಲಿ ಎರಡು ಸಾಲು ಹೆಚ್ಚಿಗೆ:
ಎರಡು ಹದಿನೇಳಕ್ಕೆ, ೨೮೬೦ ಕಿಲೋ.
ಎರಡು ಹದಿನೆಂಟಕ್ಕೆ, ೩೦೧೦.
ವಾಹನ ಸಂಖ್ಯೆ: ಇಲ್ಲ.
ಚಾಲಕ: ಇಲ್ಲ.
ಬಾಡಿಗೆ: ಬಾಕಿ.

ಮಷೀನ್ ಕೆಟ್ಟಿದೆ, ಮಡಿಕೇರಿಯಿಂದ ಜನ ಕರೆಸು, ಅಂದರು ಉಮ್ಮರಾಕ.
ತಟ್ಟೆಯ ಅಂಚಿನಲ್ಲಿ ಲದ್ದಿ,
ಅದರೊಳಗೆ ಇಡೀ ಇಡೀ ಹಲಸಿನ ಬೀಜ.
ನಾನು ಕಳೆದು ನೋಡಿದೆ, ಅಭ್ಯಾಸಬಲ.
ನೂರೈವತ್ತು.

ನನ್ನ ಆಟವೆಂದರೆ ಇಷ್ಟೇ.
ನೀವು ರಾತ್ರಿ ಪಾಳಿಯ ಗುಮಾಸ್ತರು.
ಪರದೆ ಕಪ್ಪು. ಮೂಲೆಯಲ್ಲಿ ಹಸಿರು ಅಂಕಿ.
ಕತ್ತಲಲ್ಲಿ ಯಾರೋ ಬಂದು ತಟ್ಟೆಯ ಮೇಲೆ ನಿಲ್ಲುತ್ತಾರೆ,
ಗೇಟು ತೆರೆಯುವುದೋ ಬಿಡುವುದೋ
ತೂಕ ನೋಡಿ ನೀವೇ ಹೇಳಬೇಕು.
ಗುಂಡು ಹಾರಿಸುವಂತಿಲ್ಲ. ಯಾರೂ ಸಾಯುವುದಿಲ್ಲ.
ಅಂಕ ಇಲ್ಲ, ಅಂಕಿ ಮಾತ್ರ.
ಬಿದಿರು ಮುರಿಯುವ ಸದ್ದು
ಅಮ್ಮಾಯಿ ಒಣ ಹಪ್ಪಳ ಮುರಿದದ್ದು.
ಆ ದೊಡ್ಡ ಉಸಿರು, ನಿಜ ಹೇಳುತ್ತೇನೆ,
ಅಶ್ರಫನ ಸೈಕಲ್ ಅಂಗಡಿಯ ಪಂಪು.

ಒಂದು ಗುರುವಾರ ರಾತ್ರಿ ಅಪ್‌ಲೋಡ್
ತೊಂಬತ್ತೊಂದಕ್ಕೆ ನಿಂತಿತು; ಕರೆಂಟೂ ಹೋಯಿತು.
ಯುಪಿಎಸ್ ಕೀಂ ಕೀಂ ಎನ್ನುತ್ತಿತ್ತು.
ಫೋನಿಗೆ ಸಿಗ್ನಲ್ ಸಿಗುವುದು ತಟ್ಟೆಯ ನಟ್ಟನಡುವೆ.
ಅಲ್ಲಿಗೇ ಹೋಗಿ ಕೈ ಎತ್ತಿ ನಿಂತೆ,
ತೊಂಬತ್ತೆರಡು, ತೊಂಬತ್ತೆರಡು, ತೊಂಬತ್ತೆರಡು,
ಮಂಜು ಜಡೆಗೆ ಇಳಿಯುವಷ್ಟು ಹೊತ್ತು.
ಕೊನೆಗೆ ಬಂತು, ಬಿಡುಗಡೆ ಎಂದು ಬರೆದ ಗುಂಡಿ.

ಗುಂಡಿ ಎಂದರೆ ನಮ್ಮ ಕಡೆ
ಹಿಂದೆಲ್ಲ ಆನೆ ಬೀಳಿಸಲು ತೋಡುತ್ತಿದ್ದದ್ದು,
ಮೇಲೆ ಬಿದಿರು ಹಾಸಿ, ಸೊಪ್ಪು ಮುಚ್ಚಿ.
ಒತ್ತಿದೆ.
ಯಾರೂ ಬೀಳಲಿಲ್ಲ.
ದೂರದ ತೋಟದಲ್ಲಿ ಯಾರದೋ ನಾಯಿ ಎರಡು ಸಲ ಬೊಗಳಿ
ತಾನೇ ಸುಮ್ಮನಾಯಿತು.

ಒಳಗೆ ಬಂದು ನೋಡಿದರೆ ದಾಖಲೆಯಲ್ಲಿ ನಾನು: ೫೦.
ಇರುವುದು ಐವತ್ತನಾಲ್ಕು.
ಹತ್ತರ ಲೆಕ್ಕದ ಯಂತ್ರ ಇದು,
ಬಿಡಿ ನಾಲ್ಕನ್ನು ನೆಲಕ್ಕೇ ಬಿಟ್ಟುಬಿಡುತ್ತದೆ.

ವಾರದಲ್ಲಿ ಹನ್ನೊಂದು ಜನ ಕೊಂಡರು.
ಅದರಲ್ಲಿ ಒಬ್ಬಳು ತಂಗಿ ಜಸೀಲಾ, ಗಂಡನ ಕಾರ್ಡಿನಿಂದ.
ಒಬ್ಬ ದುಡ್ಡು ವಾಪಸ್ ಕೇಳಿದ,
ಕಾರಣ: ಏನೂ ಕಾಣಿಸುವುದಿಲ್ಲ.
ತಪ್ಪೇನಲ್ಲ, ನಾನೂ ನೋಡಿಲ್ಲ.

ಮತ್ತೊಂದು ಸೋಮವಾರ,
ಮೂರು ಲಾರಿ ಸಾಲುಗಟ್ಟಿದ್ದಾಗ,
ಹೆಸರು ಹೇಗೆ ಉಚ್ಚರಿಸಬೇಕೋ ತಿಳಿಯದ ಊರಿನಿಂದ ಒಂದು ಪತ್ರ.
ಕೊನೆಯ ರಾತ್ರಿಯ ಎರಡು ತೂಕಗಳನ್ನು
ಕಾಗದದ ಮೇಲೆ ಬರೆದು ಕಳೆದು ನೋಡಿದೆ.
ಗೇಟು ತೆರೆದೇ ಇಟ್ಟಿದ್ದೇನೆ.
ಅದು ಈಗ ಎಷ್ಟಾಗಿರಬಹುದು?

ಆಟದಲ್ಲಿ ಎಲ್ಲಿಯೂ ನಾನು ಮರಿ ಎಂದು ಬರೆದಿಲ್ಲ.

ಪೆನ್ನು ಹಿಡಿದು ಕೂತೆ. ವರ್ಷ ಮೂರು,
ಹಲಸಿನ ಸುಗ್ಗಿ ಮೂರು, ಸೋಲಾರ್ ಬೇಲಿ, ರೈಲುಕಂಬಿಯ ಬೇಲಿ,
ಇದನ್ನೆಲ್ಲ ಯಾವ ಕಡೆಗೆ ಕೂಡುವುದು, ಯಾವ ಕಡೆಗೆ ಕಳೆಯುವುದು?
ಹೊರಗೆ ತಿಮ್ಮಪ್ಪಣ್ಣ ಹಾರ್ನ್ ಒತ್ತಿಯೇ ಒತ್ತಿದ,
ಸ್ಲಿಪ್ ಕೊಡು ತಾಯಿ, ಬಿಸಿಲು ನೆತ್ತಿಗೆ ಬಂತು.
ಕೊಟ್ಟೆ.

ಆ ರಾತ್ರಿ ಸಿಸ್ಟಂ ಆರಿಸುವುದನ್ನು
ಮರೆಯಲಿಲ್ಲ.
ಆರಿಸಲಿಲ್ಲ.