ಪುಟ ನಲವತ್ತೊಂದು: ಕನ್ನಡ

ಹಂಗೇರಿಯನ್ ಆದ ಮೇಲೆ, ಇನ್ಯಾವುದೋ
ಕುಡುಗೋಲು ಸಾಲಾಗಿಟ್ಟಂಥ ಲಿಪಿ ಆದ ಮೇಲೆ
ಪುಟ ನಲವತ್ತೊಂದರಲ್ಲಿ ಕನ್ನಡ ಸಿಕ್ಕಿತು.
“ಇದೆ ಕಣ್ರೀ!” ಅಂದೆ. ರಂಗಧಾಮಯ್ಯ
ಥರ್ಮೋಕೋಲಿನ ಚೂರುಗಳ ನಡುವೆ ಕೂತಲ್ಲಿಂದಲೇ
ಕೈ ಮುಗಿದರು.

ಎಂ.ಜಿ. ರಸ್ತೆಯ ಅಂಗಡಿಗೆ
ಹಳೇ ಟೇಪ್‌ರೆಕಾರ್ಡರ್ ಕೊಟ್ಟು, ಮೇಲೆ ನಾಲ್ಕು ಸಾವಿರ ಕೊಟ್ಟು
ತಂದ ಸೌಂಡ್‌ಬಾರು, ಜೊತೆಗೆರಡು ಮರಿ ಸ್ಪೀಕರು.
ಹಳೆಯದಕ್ಕೆ ಆರು ಗುಂಡಿ ಇದ್ದವು.
ಒಂದನ್ನೊತ್ತಿದರೆ ಇನ್ನೊಂದು ಟಕ್ಕನೆ ಏಳುತ್ತಿತ್ತು,
ಯಾರೂ ಪುಸ್ತಕ ಓದಿ ಕಲಿತಿರಲಿಲ್ಲ.
ಇದಕ್ಕೆ ಗುಂಡಿಯೇ ಇಲ್ಲ.
ನೆತ್ತಿ ಸವರಬೇಕಂತೆ.

“ಓದೇ” ಅಂದರು. ಓದಿದೆ.
“ಅಭಿನಂದನೆಗಳು! ನೀವು ನಿಮ್ಮನ್ನು ಖರೀದಿಸಿದ್ದೀರಿ.
ಎಡ ಭಾಷಣಕಾರನನ್ನು ಎಡಗೋಡೆಗೆ,
ಬಲ ಭಾಷಣಕಾರನನ್ನು ಬಲಗೋಡೆಗೆ ನೇಣು ಹಾಕಿ.”
ಚುನಾವಣೆ ಮುಗಿದು ವಾರವಾಗಿತ್ತಷ್ಟೆ,
ನಮ್ಮಿಬ್ಬರಿಗೂ ಆಕ್ಷೇಪವಿರಲಿಲ್ಲ.
“ನೀಲಿ ಹಲ್ಲನ್ನು ಐದು ಸೆಕೆಂಡು ಒತ್ತಿ ಹಿಡಿಯಿರಿ.
ಮೀನು ಹೆಚ್ಚೆನಿಸಿದರೆ ಮೀನನ್ನು ಕಡಿಮೆ ಮಾಡಿ.”
“ಇವತ್ತು ಶನಿವಾರ ಕಣೇ” ಅಂದರು ರಂಗಧಾಮಯ್ಯ.

ಮೂವತ್ತೊಂದು ವರ್ಷ ಮಂಡಿಪೇಟೆಯ ಪ್ರೆಸ್ಸಿನಲ್ಲಿ
ಕರಡು ತಿದ್ದಿದವಳು ನಾನು. ಲಗ್ನಪತ್ರಿಕೆ,
ಸಹಕಾರ ಸಂಘದ ವಾರ್ಷಿಕ ವರದಿ, ವೈಕುಂಠ ಸಮಾರಾಧನೆ,
ಕೊಬ್ಬರಿ ಮಂಡಿಯ ಬಿಲ್ಲು.
ಒಂದೇ ಒಂದು ಸಲ, ಕಣ್ಣು ಬಂದಿದ್ದ ದಿನ,
“ವಧು”ವಿನ ಕೊಂಬು ಬಿದ್ದು “ವಧ” ಅಂತ ಅಚ್ಚಾಗಿ
ನಾನೂರು ಪತ್ರಿಕೆಗೂ ಕೈಯಾರೆ ಕೊಂಬು ಎಳೆದೆ
ಹಾಲಿನ ಗಾಡಿ ಬರುವವರೆಗೆ.
ಓನರು ಪಕ್ಕದಲ್ಲೇ ಕೂತು
ಊದಿ ಊದಿ ಮಸಿ ಆರಿಸಿದ್ದರು.

ಇದನ್ನು ಯಾರು ಊದಿದರು?
ಯಾರ ಬಾಯಿಗೂ ಬೀಳದೆ, ಯಾರ ಕಿವಿಯನ್ನೂ ಹಾಯದೆ
ನೇರ ಕಾಗದಕ್ಕಿಳಿದ ಕನ್ನಡ;
ಅದೂ ಎಂಥದಕ್ಕೆ, ಕಿವಿಗೆಂದೇ ಮಾಡಿದ ಸಾಮಾನಿಗೆ!
ಸ್ಪೀಕರನ್ನು ಸ್ಪೀಕರು ಅಂದುಬಿಟ್ಟಿದ್ದರೆ
ಕನ್ನಡಕ್ಕೇನು ಜ್ವರ ಬರುತ್ತಿತ್ತೆ?

ಕೆಂಪು ಪೆನ್ನು ಹುಡುಕಿ ತಂದೆ.
“ಅಗತ್ಯವಿಲ್ಲದ ಹೊರತು ಮಾಡದಿರುವುದನ್ನು ತಪ್ಪಿಸಬೇಡಿ.”
ಬೆರಳು ಮಡಚಿ ಎಣಿಸಿದೆ: ಐದು ‘ಇಲ್ಲ’.
ಮಾಡಬೇಕೋ ಬಿಡಬೇಕೋ ಹೆಬ್ಬೆರಳಿಗೂ ಗೊತ್ತಾಗಲಿಲ್ಲ.
“ಚಿತ್ರ ೭ ನೋಡಿ.” ಆರಿದೆ. ಎಂಟಿದೆ.
“ಗಂಡು ತುದಿ ಹೆಣ್ಣು ತುದಿಗೆ ಒಪ್ಪದಿದ್ದಲ್ಲಿ
ಬಲವಂತ ಮಾಡಬೇಡಿ.”
ಇದೊಂದನ್ನು ಹಾಗೇ ಬಿಟ್ಟೆ.
ಇದು ಅಚ್ಚಾಗಬೇಕಿದ್ದ ಜಾಗವೇ ಬೇರೆ,
ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಹಾಕಿಸಲಿಲ್ಲ.

ಅಷ್ಟರಲ್ಲಿ ರಂಗಧಾಮಯ್ಯ ನೆತ್ತಿ ಸವರಿದ್ದರು, ತಟ್ಟಿದ್ದರು,
ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ್ದರು.
ಕಸ್ಟಮರ್ ಕೇರಿನವಳು ನಲವತ್ತು ನಿಮಿಷ ಕಾಯಿಸಿ
“ಮ್ಯಾನುಯಲ್ ನೋಡಿ ಸಾರ್” ಅಂದಿದ್ದಳು.
ಏನು ಕೇಳಬೇಕೆಂದು ಇದನ್ನು ತಂದರೋ
ಅದೇ ಅವರಿಗೆ ಮರೆತುಹೋಗಿತ್ತು.
ಕೋತಿತೋಪಿನ ಕಡೆಯ ಬಸ್ಸುಗಳೂ ಕಡಿಮೆಯಾಗಿ
ಒಂಬತ್ತೂವರೆ. ನೀಲಿ ದೀಪವೊಂದು ಮಿಣುಕುತ್ತಿತ್ತು,
ಕೆಲಸಕ್ಕೆ ಬರದ ಮಿಂಚುಹುಳದ ಹಾಗೆ.

ಆಗ ಪೆಟ್ಟಿಗೆ ಮಾತಾಡಿತು.
ನಮ್ಮ ಫೋನಿನದಲ್ಲ. ಮಹಡಿಯ ಬಾಡಿಗೆಯ ನರ್ಸ್ ಸುಗುಣಳ ಫೋನಿಗೆ
ಹೇಗೋ ತಾನಾಗೇ ಗಂಟುಬಿದ್ದಿತ್ತು.
ನಾಲ್ಕು ದಿನ ಇದ್ದು ಹುಳಿಯಾರಿನ ಬಸ್ಸು ಹತ್ತಿದ
ಅವಳ ಅವ್ವನ ವಾಯ್ಸ್ ಮೆಸೇಜು:

“ಸುಗುಣಾ, ಹಾಲು ಕಾಸಿಕ್ಕಿವ್ನಿ. ಬೆಕ್ಕು ಬಂದಾತು,
ಡೂಟಿಗೆ ಹೊರಡೋವಾಗ ಕದ ಹಾಕ್ಕಂಡು ಹೋಗು.”

ಎಡದಿಂದಲೂ ಬಲದಿಂದಲೂ ಕೇಳಿತು, ಹಿಂದೆ ಬಸ್ಸಿನ ಹಾರನ್ನೂ ಸೇರಿ.
ಪೆನ್ನು ಕೈಯಲ್ಲೇ ಇತ್ತು.
ಹಾಕೋಣವೆಂದರೆ ಒಂದು ಅಲ್ಪವಿರಾಮಕ್ಕೂ ಜಾಗ ಸಿಗಲಿಲ್ಲ.

ರಂಗಧಾಮಯ್ಯ ಎದ್ದು ಹೋಗಿ
ನಮ್ಮ ಅಡುಗೆಮನೆಯ ಕದ ಹಾಕಿ ಬಂದರು.