ಸೊನ್ನೆ ಟಿಕೀಟು

ಏಳೂ ಮುಕ್ಕಾಲಕ್ಕೆ, ಕೇಳದಿದ್ದರೂ, ಹೇಳುತ್ತದೆ ಫೋನು:
ಕೆಲಸಕ್ಕೆ ನಲವತ್ತೊಂದು ನಿಮಿಷ, ದಾರಿ ಸಲೀಸು.
ಒಂದು ಕಾಲಿಗೆ ಚಪ್ಪಲಿ, ಕೈಯಲ್ಲಿ ಡಬ್ಬಿ,
ಡಬ್ಬಿಯ ಮುಚ್ಚಳ ಎಲ್ಲೋ.
ಸಲೀಸಂತೆ.
ಹಂಡಿಗನಾಳದ ಹತ್ತಿರ ಕುರಿಮಂದೆ ಅಡ್ಡ ಬಂದರೆ
ಡ್ರೈವರು ಕೆಳಗಿಳಿದು ಬೀಡಿ ಹಚ್ಚುತ್ತಾನೆ,
ಅದು ಇದರ ಲೆಕ್ಕಕ್ಕಿಲ್ಲ.

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಒಂದು ಸೊನ್ನೆ.
ಕಂಡಕ್ಟರ್ ಮುನಿಶಾಮಿ ನನ್ನ ಕಾರ್ಡು ಕೇಳುವುದು ಬಿಟ್ಟು
ಎಷ್ಟೋ ಕಾಲವಾಯಿತು. ಮೆಷಿನ್ನಿಂದ ಹರಿದು ಕೊಡುತ್ತಾನೆ:
ತಗೊಳಿ ನಿಮ್ಮ ಸೊನ್ನೆ.
ಪರ್ಸಿನ ಒಳಜೇಬಲ್ಲಿ ಅವೆಲ್ಲ ಒಟ್ಟಾಗಿ
ಇಂಕು ಹಾರಿ ಬೆಳ್ಳಗಾಗಿವೆ.
ಕೂಡಿದರೂ ಸೊನ್ನೆಯೇ, ಅಷ್ಟು ಲೆಕ್ಕ ಬರುತ್ತದೆ,
ಎಸೆಯುವುದಕ್ಕೆ ಕೈ ಬಂದಿಲ್ಲ.

ಗೂಡಿನ ಮಾರ್ಕೆಟ್ಟಿನ ಹಿಂದೆ ನಮ್ಮ ಸೇವಾ ಕೇಂದ್ರ,
ಅದಕ್ಕೂ ಬಿರಿಯಾನಿ ಹೋಟೆಲಿಗೂ ಒಂದೇ ಗೋಡೆ.
ಫೋನಿಗೆ ಗೋಡೆ ಕಾಣುವುದಿಲ್ಲ. ವಾರಕ್ಕೊಮ್ಮೆ ಕೇಳುತ್ತದೆ:
ನೀವು ಹೋಗಿದ್ದ ಬಿರಿಯಾನಿ ಸೆಂಟರ್ ಹೇಗಿತ್ತು, ನಕ್ಷತ್ರ ಕೊಡಿ.
ಅದು ತಿಳಿದ ಹಾಗೆ ನಾನು
ಹತ್ತರಿಂದ ಐದೂವರೆ ತನಕ ಬಿಡದೆ ಬಿರಿಯಾನಿ ತಿನ್ನುವವಳು,
ಭಾನುವಾರ, ಎರಡನೇ ಶನಿವಾರ ಉಪವಾಸ.
ನಗು ಬರುತ್ತದೆ.
ಒಂದೊಂದು ದಿನ ಬರುವುದಿಲ್ಲ.

ಈವತ್ತು ಖಮರಕ್ಕ ಬಂದಿದ್ದಳು, ರೇಷನ್ ಕಾರ್ಡಿನ ಕೆವೈಸಿಗೆ.
ಗಾಜಿನ ಮೇಲೆ ಹೆಬ್ಬೆಟ್ಟು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು.
ಹಣೆಯ ಎಣ್ಣೆಗೆ ಉಜ್ಜಿ ಇಟ್ಟಳು. ತೋರುಬೆರಳು, ಉಂಗುರದ್ದು,
ಎಡಗೈಯ ಐದು.
ಮೂವತ್ತು ವರ್ಷ ಕುದಿನೀರಲ್ಲಿ ಗೂಡಿನ ಎಳೆ ಹುಡುಕಿದ ಬೆರಳು,
ಸವೆದ ಎಂಟಾಣೆಯ ಹಾಗೆ ನುಣುಪು.
ಹೊಂದಿಕೆಯಾಗುತ್ತಿಲ್ಲ, ಎಂದು ಪರದೆ.

ಮೊನ್ನೆ ಕೋಟೆ ಸರ್ಕಲ್ಲಲ್ಲಿ ಖಮರಕ್ಕಾ ಅಂತ ಕೂಗಿದ್ದು
ನೀನೇ ಅಲ್ವೇನೇ, ಈಗ ಯಾರು ಅಂತೀಯಾ?
ನಾನಲ್ಲ ಅಕ್ಕ, ಅದು ಕೇಳ್ತಿರೋದು.
ಹಂಗಾದ್ರೆ ಅದಕ್ಕೆ ನೀನು ಹೇಳು.

ಇಷ್ಟೇ. ಎಷ್ಟು ಸುಲಭ.
ಕೀಬೋರ್ಡಿನ ಎಲ್ಲ ಗುಂಡಿಗಳನ್ನೂ ಒಮ್ಮೆ ನೋಡಿದೆ,
ನನಗೆ ಗೊತ್ತು ಎಂಬುದಕ್ಕೆ ಒಂದೂ ಇರಲಿಲ್ಲ.

ಓಟಿಪಿ ಹೋಗುವುದು ಚಿಂತಾಮಣಿಯ ಅಳಿಯನ ನಂಬರಿಗೆ.
ಅವನು ಲಾರಿ ಓಡಿಸುತ್ತಿದ್ದ; ನಿಲ್ಲಿಸಿ, ಓದಿ, ಹೇಳುವಷ್ಟರಲ್ಲಿ
ಅವಧಿ ಮೀರಿತು. ಎರಡನೇ ಸಲ
ನಮ್ಮ ಸರ್ವರ್ ಮಲಗಿತು.
ನಾಳೆ ಬಾ ಅಕ್ಕ, ಅಂದೆ. ಟೀ ತರಿಸಿದೆ.
ಬೈಯುತ್ತಾಳೆ ಅಂದುಕೊಂಡರೆ, ಲೋಟ ಕೆಳಗಿಟ್ಟು
ನನ್ನ ಮುಖ ನೀವಳಿಸಿ ತನ್ನ ಕಪಾಳಕ್ಕೆ ಒತ್ತಿ
ಲಟಿಗೆ ಮುರಿದಳು. ಹತ್ತೂ ಬೆರಳು ಲಟಲಟ ಅಂದವು.
ಕ್ಯೂನಲ್ಲಿದ್ದವರು ತಿರುಗಿ ನೋಡಿದರು.

ಸಂಜೆಯ ಬಸ್ಸಲ್ಲಿ ಹೆಬ್ಬೆಟ್ಟು ಇಟ್ಟೆ, ಫೋನು ತೆರೆಯಿತು.
ಎಷ್ಟು ಬೇಗ ನಂಬುತ್ತದೆ ನನ್ನನ್ನು.
ಏನೂ ನೋಡುವುದಿರಲಿಲ್ಲ, ಮುಚ್ಚಿದೆ. ಮತ್ತೆ ತೆರೆದೆ.

ಮುನಿಶಾಮಿ ರಜೆ. ಹೊಸ ಹುಡುಗ ಆಧಾರ್ ಕೇಳಿದ.
ಹನ್ನೆರಡು ವರ್ಷದ ಹಿಂದಿನ ಫೋಟೋ, ಎರಡು ಜಡೆ ಒಂದು ಗಾಬರಿ.
ಅದನ್ನು ನೋಡಿದ, ನನ್ನನ್ನು ನೋಡಿದ.
ಇದು ನೀವೇನಾ?
ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.
ಹಿಂದಿನ ಸೀಟಿಂದ ಯಾರೋ, ಹೂವಿನ ಬುಟ್ಟಿಯವಳು:
ಅಯ್ಯೋ ಅವರೇ ಕಣಪ್ಪ,
ಸರ್ವರ್ ಇಲ್ಲ ಅಂತಾರಲ್ಲ, ಆ ಮೇಡಮ್ಮು.
ಇಡೀ ಬಸ್ಸು ನಕ್ಕಿತು, ಹುಡುಗನೂ.
ಬೆಚ್ಚಗಿತ್ತು ಚೀಟಿ, ಈಗಷ್ಟೇ ಅಚ್ಚಾದ ಸೊನ್ನೆ.

ನಂದಿಬೆಟ್ಟದ ಸಾಲು ಕಿಟಕಿಗೆ ಬಂದಾಗ ನೆನಪಾಯಿತು:
ನಾಳೆ ಎರಡನೇ ಶನಿವಾರ.
ಖಮರಕ್ಕನಿಗೆ ಫೋನಿಲ್ಲ.