ಷರಾ

ಕಾಯ್ದೆ ಬಂದದ್ದು ಸೋಮವಾರದ ಟಪಾಲಿನಲ್ಲಿ,
ಮೂವತ್ತೆರಡು ಪುಟ, ಮೂಲೆಗೆ ಹಸಿರು ದಾರ.
ಪ್ರಕರಣ ಒಂಬತ್ತು, ಉಪಪ್ರಕರಣ ಎರಡು:
ಗಣಕಯಂತ್ರಗಳನ್ನು ಯಾರೋ ಒತ್ತೆ ಹಿಡಿದ ದಿನ
ಕಚೇರಿ ಹೇಗೆ ಮಾತಾಡತಕ್ಕದ್ದು
ಎಂಬುದಕ್ಕೊಂದು ಯೋಜನೆ ಇರತಕ್ಕದ್ದು.

ನಾನು ಕಾರವಾರದ ನಿಯಂತ್ರಣ ಕೊಠಡಿಯಲ್ಲಿ
ದ್ವಿತೀಯ ದರ್ಜೆ ಸಹಾಯಕಿ,
ಈ ತಕ್ಕದ್ದುಗಳ ನಡುವೆ ಹನ್ನೊಂದು ವರ್ಷ.
ನಮ್ಮ ಪಾಸ್‌ವರ್ಡು ಕ್ಯಾಲೆಂಡರಿನ ಹಿಂದೆ ಇರುತ್ತಿತ್ತು:
ಊರಿನ ಹೆಸರು, ಒಂದು ಎರಡು ಮೂರು.
ಚಹಾ ತರುವ ಹುಡುಗನಿಗೂ ಬಾಯಿಪಾಠ.

ರಾಜಧಾನಿಯಿಂದ ಪರಿವೀಕ್ಷಕಿ ಬಂದಳು, ಹಂಸವೇಣಿ,
ಸಣ್ಣ ಪ್ರಾಯ, ದೊಡ್ಡ ಕೈಗಡಿಯಾರ.
ಕ್ಯಾಲೆಂಡರು ಎತ್ತಿ ನೋಡಿದಳು, ನಗಲಿಲ್ಲ.
ನಕ್ಕಿದ್ದರೆ ವಾಸಿಯಿತ್ತು.

ಬುಧವಾರ ಹನ್ನೊಂದಕ್ಕೆ, ಹೇಳದೆ ಕೇಳದೆ,
ನಮ್ಮ ಮೊಬೈಲುಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿಸಿ
ಗೋಡೆಯ ದೊಡ್ಡ ಸ್ವಿಚ್ಚು ಕೆಳಗಿಳಿಸಿದಳು.
ಹದಿನಾಲ್ಕು ಪರದೆ ಒಟ್ಟಿಗೇ ಕಪ್ಪು.
"ಕದ್ರಾ ಅಣೆಕಟ್ಟಿನ ಗೇಟು ತೆರೆಯುತ್ತಿದ್ದಾರೆ. ಅಣಕು.
ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಬೇಕು.
ನಲವತ್ತು ನಿಮಿಷ."

ನಂಬರುಗಳೆಲ್ಲ ಪರದೆಯ ಆಚೆ ದಡದಲ್ಲಿ.
ವೈರ್‌ಲೆಸ್ಸಿನ ಬ್ಯಾಟರಿ ಕಳೆದ ದೀಪಾವಳಿಗೇ ಸತ್ತದ್ದು,
ಅದರ ದುರಸ್ತಿಯ ಕಡತ ಮಾತ್ರ ಇನ್ನೂ ಜೀವಂತ.
ಜೀಪಿದೆ; ಡೀಸೆಲ್ ಕೂಪನ್ನು ಕಂಪ್ಯೂಟರಿನಲ್ಲಿ.
ಹಳೇ ರಿಜಿಸ್ಟರು ತೆಗೆದು ಒಂಬತ್ತು ಊರಿಗೆ ತಿರುಗಿಸಿದೆ,
ಈ ಸಂಖ್ಯೆ ಚಾಲ್ತಿಯಲ್ಲಿಲ್ಲ, ಈ ಸಂಖ್ಯೆ ಚಾಲ್ತಿಯಲ್ಲಿಲ್ಲ.

ಅಟೆಂಡರ್ ಉಲ್ಹಾಸ ಕೋಠಾರಕರ ಚಪ್ಪಲಿ ಮೆಟ್ಟದೆ ಓಡಿದ.
ಮಲ್ಲಾಪುರದ ಬಸ್ಸು ಗುರುಗುಡುತ್ತ ನಿಂತಿತ್ತು,
ಹಿಂದಿನ ಸೀಟಿನಲ್ಲಿ ಶೆವಂತಿ ಹರಿಕಂತ್ರ,
ಕಾಲ ನಡುವೆ ತಾರ್ಲೆಯ ಬುಟ್ಟಿ.
ಕಿಟಕಿಗೆ ಬಾಯಿಟ್ಟು ಕೊಂಕಣಿಯಲ್ಲಿ ಹೇಳಿದ.
ಅಣಕು ಎಂಬುದಕ್ಕೆ ಕೊಂಕಣಿಯಲ್ಲಿ ಏನೆನ್ನಬೇಕು
ಅಂತ ಯೋಚಿಸುವಷ್ಟರಲ್ಲಿ
ಕಂಡಕ್ಟರು ಸೀಟಿ ಊದಿದ.

ಕಡವಾಡದಲ್ಲಿ ಅವಳು ಇಳಿದು ಹೇಳಿದಳು.
ಕಿನ್ನರದಲ್ಲಿ ಕಂಡಕ್ಟರು ಕೂಗಿದ,
ಸಿದ್ಧರದಲ್ಲಿ ಶಾಲೆಯ ಗಂಟೆ.
ಕೇರವಡಿಗೆ ಸುದ್ದಿ ಬಸ್ಸಿಗಿಂತ ಮೊದಲೇ ಹೋಗಿ ಕೂತಿತ್ತು.
ನಮ್ಮ ಹಳೇ ಫೋನು ರಿಂಗಾಯಿತು,
"ಹೊರಟೆವು" ಅಂದಿತೊಂದು ಗಂಡು ದನಿ,
ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟಿತು.
ಮೂವತ್ತೇಳು ನಿಮಿಷ.
ಹಂಸವೇಣಿ ಅಂದು ಮೊದಲ ಸಲ ಚಹಾ ಕುಡಿದಳು.

ಬಿದ್ದುಹೋದದ್ದು ಒಂದೇ ಪದ,
ಮೂರಕ್ಷರ.
ದನಗಳು ಗುಡ್ಡ ಹತ್ತಿದ್ದವು. ಹನ್ನೆರಡು ದಿನದ ಬಾಣಂತಿ
ಕಿವಿಗೆ ಹತ್ತಿಯಿಟ್ಟುಕೊಂಡು ಶಾಲೆಯ ಜಗಲಿಯಲ್ಲಿ
ಸಂಜೆತನಕ ಕೂತಿದ್ದಳಂತೆ.
ಕಾಳಿ ನದಿ ಮಾತ್ರ ತನ್ನ ಪಾಡಿಗೆ ಹೊಳೆಯುತ್ತಿತ್ತಂತೆ, ಬಿಸಿಲಲ್ಲಿ.

ಗುರುವಾರ ಕ್ಷಮೆ ಕೇಳಲು ಹೋದೆವು.
ಸುಮಿತ್ರಾ ಗುನಗಿ ಏನೂ ಅನ್ನದೆ ಒಳಗೆ ಹೋಗಿ
ಗಂಜಿಯ ಪಾತ್ರೆ ತಂದು ನಮ್ಮ ಮುಂದೆ ಕುಕ್ಕಿದಳು.
ತಳ ಸೀದು ಇದ್ದಿಲು.
"ನೀರು ಬರಲಿಲ್ಲ, ಒಳ್ಳೇದೇ ಆಯ್ತು.
ನಿಜವಾಗಿ ಬಂದ ದಿನ ಒಲೆ ಬಿಟ್ಟು ಏಳ್ತೇವೋ ಇಲ್ಲವೋ,
ಅದನ್ನೂ ಬರಕೊಳ್ಳಿ ಬಾಯೋರೆ."

ನಮೂನೆ ನಾಲ್ಕು. ಸಂದೇಶ ತಲುಪಿದೆಯೇ? ಹೌದು.
ಅವಧಿ? ಮೂವತ್ತೇಳು. ಪ್ರಾಣಹಾನಿ? ಇಲ್ಲ.
ಪ್ರಕರಣ ಹನ್ನೆರಡು ಹೇಳುತ್ತದೆ:
ಹೊರಟ ಸಂದೇಶ ಹೊರಟ ಹಾಗೆಯೇ ಸೇರತಕ್ಕದ್ದು,
ಒಂದಕ್ಷರ ಕೂಡದೆ, ಕಳೆಯದೆ.
ಬರೆದವರು ಮಲ್ಲಾಪುರದ ಬಸ್ಸು ಹತ್ತಿದವರಲ್ಲ.
ಷರಾ ಎಂಬಲ್ಲಿ ಒಂದೂವರೆ ಇಂಚು ಜಾಗ.
ಎರಡು ಸಲ ಬರೆದು ಹೊಡೆದು ಹಾಕಿದೆ.
ಆಮೇಲೆ ಬರೆದೆ:
ಪಾತ್ರೆ, ಒಂದು, ತಳ ಸೀದದ್ದು.

ಬೈತಕೋಲದ ಬೋಟುಗಳಿಗೆ ದೀಪ ಹತ್ತುವ ಹೊತ್ತಿಗೆ
ಕ್ಯಾಲೆಂಡರಿನ ಹಿಂದಿನ ಚೀಟಿ ಹರಿದು
ಹೊಸ ಪಾಸ್‌ವರ್ಡು ಕಟ್ಟಿದೆ.
ಹೇಳುವಂತಿಲ್ಲ, ಕಾಯ್ದೆ.
ಅದರಲ್ಲೊಂದು ಊರಿದೆ, ಸೀದ ವಾಸನೆಯಿದೆ,
ಒಂದು ಅಂಕೆ, ಒಂದು ಚಿಹ್ನೆ.
ಮೂರು ಸಲ ತಪ್ಪು ಒತ್ತಬಹುದು,
ಯಂತ್ರ ಏನೂ ಅನ್ನುವುದಿಲ್ಲ.